ಉಗುರಿನಾಚೆಯ ಅಜ್ಜಂದಿರು

ಥೋರ್ಮೋಡ್ ವಂಶಾವಳಿ ಹೇಳಲು ಎದ್ದು ನಿಂತನೆಂದರೆ ಅವನ ಹೆಂಡತಿ ಯೋರುನ್ ಕುರಿಮಾಂಸದ ಪಾತ್ರೆಯನ್ನು ಬೆಂಕಿಯ ಮೇಲೆ ತೂಗುಹಾಕುತ್ತಿದ್ದಳು. ಓಡಿನ್ ದೇವರಿಂದ ಹೊರಟ ಗಂಡ ತನ್ನ ಹೆಸರಿಗೆ ಬಂದು ಮುಟ್ಟುವಷ್ಟರಲ್ಲಿ ಮಾಂಸ ಮೂಳೆ ಬಿಟ್ಟುಕೊಂಡಿರುತ್ತಿತ್ತು. ಮದುವೆಯಾದ ಹೊಸದರಲ್ಲಿ ಅತ್ತೆ ಗ್ರೋವಾ ಹೇಳಿಕೊಟ್ಟ ಉಪಾಯ ಅದು. ಅತ್ತೆಯೂ ತನ್ನ ಗಂಡನ ವಂಶಾವಳಿಯನ್ನು ನಂಬಿಕೊಂಡೇ ಅಡಿಗೆ ಮಾಡಿದವಳು. ಆದರೆ ಈಚಿನ ಕೆಲವು ವರ್ಷಗಳಿಂದ ಮಾಂಸ ಯಾಕೋ ಸ್ವಲ್ಪ ಗಟ್ಟಿಯಾಗಿಯೇ ಉಳಿಯುತ್ತಿತ್ತು. ಬೆರಣಿ ಹಸಿಯಿರಬೇಕು ಎಂದು ಯೋರುನ್ ಮೊದಮೊದಲು ಅಂದುಕೊಂಡಳು. ಒಂದು ಸಲ ಕಿವಿಗೊಟ್ಟು ಕೇಳಿದಾಗ ತಿಳಿಯಿತು: ಬೆರಣಿಯ ತಪ್ಪಲ್ಲ, ಗಂಡನ ಅಜ್ಜಂದಿರು ಕಡಿಮೆಯಾಗುತ್ತಿದ್ದಾರೆ.

ಮೇಲಿನ ರಾಜರನ್ನು ಅವನು ಮುಟ್ಟಿರಲಿಲ್ಲ. ಓಡಿನ್ನನ ಮಗ ಸ್ಕ್ಯೋಲ್ಡ್, ಡೇನರ ಮೊದಲ ರಾಜ. ಅವನ ಪೀಳಿಗೆಯಲ್ಲಿ ಫ್ರೋದಿ. ಆ ಫ್ರೋದಿಯ ಕಾಲದಲ್ಲಿ ಬಯಲಿನ ದಾರಿಯಲ್ಲಿ ಚಿನ್ನದ ಬಳೆ ಬಿದ್ದಿದ್ದರೂ ಯಾರೂ ಎತ್ತಿಕೊಳ್ಳುತ್ತಿರಲಿಲ್ಲವಂತೆ. ಆಮೇಲೆ ಹಾಲ್ವ್‌ದಾನ್, ಹೆಲ್ಗಿ, ಹ್ರೋಲ್ಫ್. ಹೀಗೆ ಇಳಿದು ಇಳಿದು ಕೋರೆಹಲ್ಲಿನ ಹಾರಾಲ್ಡ್ ರಾಜ. ಆ ಹಾರಾಲ್ಡ್‌ನ ಮರಿಮಗನೇ ಹ್ರೋಮುಂಡ್, ಹಡಗು ಹತ್ತಿ ಐಸ್‌ಲ್ಯಾಂಡಿಗೆ ಬಂದು ಈ ಕಣಿವೆಯಲ್ಲಿ ಮೊದಲು ಮನೆ ಕಟ್ಟಿದವನು. ಇವರೆಲ್ಲ ಗಟ್ಟಿಯಾಗಿ ಕೂತಿದ್ದರು. ಸವೆದದ್ದು ಹ್ರೋಮುಂಡ್‌ನಿಂದ ಈಚೆಗೆ.

ಕಾರಣವೇನೂ ಗುಟ್ಟಿನದ್ದಲ್ಲ. ಔತಣಗಳಲ್ಲಿ ಯಾರು ರಾಜನಿಗೆ ಹೆಚ್ಚು ಹತ್ತಿರವೋ ಅವರಿಗೆ ಮೇಲುಪೀಠದ ಹತ್ತಿರದ ಜಾಗ. ಹಾರಾಲ್ಡ್‌ನನ್ನು ಈಚೆ ಎಳೆದುಕೊಳ್ಳಲಾಗದು, ಸತ್ತು ಎಷ್ಟೋ ಕಾಲವಾಗಿದೆ. ಆದ್ದರಿಂದ ಥೋರ್ಮೋಡ್ ನಡುವೆ ಕೂತಿದ್ದವರನ್ನೇ ಎಬ್ಬಿಸಿ ಹೊರಗೆ ಕಳಿಸಿದ. ನದಿಯಾಚೆಯ ಮುಖಂಡನ ಮನೆಯ ಔತಣಕ್ಕೆ ಹೋಗುವ ಮುಂಚೆ ಗ್ಲೂಮ್ ಎಂಬ ಅಜ್ಜ ಹೋದ. ಕ್ರೈಸ್ತ ಮಠದ ದೊಡ್ಡ ಹಬ್ಬಕ್ಕೆ ಕರೆ ಬಂದಾಗ ಗ್ಲೂಮ್‌ನ ಅಪ್ಪ ಹಾವರ್ ಹೋದ. ಇಬ್ಬರೂ ಹೋಗಲು ಯೋಗ್ಯರೇ ಆಗಿದ್ದರು ಅನ್ನಿ. ವೈರಿಗಳು ಮನೆ ಸುತ್ತುಗಟ್ಟಿದಾಗ ಗ್ಲೂಮ್ ಕುರಿದೊಡ್ಡಿಯಲ್ಲಿ ತುಪ್ಪಟ ಹೊದ್ದು ನಾಲ್ಕು ಕಾಲಲ್ಲಿ ನಿಂತುಕೊಂಡಿದ್ದನಂತೆ. ಹಾವರ್ ಅದಕ್ಕಿಂತ ಮೇಲು. ಪಕ್ಕದವರ ದಡಕ್ಕೆ ತೇಲಿಬಂದಿದ್ದ ಸತ್ತ ತಿಮಿಂಗಿಲವನ್ನು ಅವನು ಕದ್ದಿದ್ದ.

ಯೋರುನ್ ಇದನ್ನೆಲ್ಲ ಯಾರಿಗೂ ಹೇಳಲು ಹೋಗಲಿಲ್ಲ. ವಂಶಾವಳಿ ಗಂಡಸರ ವಸ್ತು, ಗಡ್ಡದ ಹಾಗೆ. ಅವನ ಮಗ ಇವನು, ಇವನ ಮಗ ಅವನು ಎಂದು ಗಂಡ ಹೇಳುತ್ತ ಹೋಗುವಾಗ ಗಂಡಸರು ಗಂಡಸರೊಳಗಿಂದಲೇ ಮೊಳೆತುಬರುತ್ತಿದ್ದಾರೇನೋ ಎಂದು ಅವಳಿಗೆ ಅನ್ನಿಸುತ್ತಿತ್ತು. ಅಷ್ಟು ರಾಜರ ನಡುವೆ ಅವಳಿಗೆ ಮನಸ್ಸಿಗೆ ಹತ್ತಿರವಾಗಿ ಉಳಿದದ್ದು ಕೇಳಿದ್ದನ್ನೆಲ್ಲ ಬೀಸಿಕೊಡುವ ಫ್ರೋದಿಯ ಮಾಯದ ಬೀಸುವಕಲ್ಲಿನ ಮುಂದಿದ್ದ ಇಬ್ಬರು ತೊತ್ತು ಹೆಂಗಸರು ಮಾತ್ರ. ರಾಜನಿಗೆ ಚಿನ್ನ ಬೀಸಿ ಬೀಸಿ, ಕೋಗಿಲೆ ಕೂಗಿ ನಿಲ್ಲಿಸುವಷ್ಟು ಹೊತ್ತೂ ಬಿಡುವು ಸಿಗದೆ, ಕಡೆಗೆ ಸಿಟ್ಟು ಬಂದು ಅವನ ಮೇಲೆ ಸೈನ್ಯವನ್ನೇ ಬೀಸಿಬಿಟ್ಟವರು. ಗಂಡ ಆ ಭಾಗವನ್ನು ಬೇಗ ಬೇಗ ಹೇಳಿ ಮುಗಿಸುತ್ತಿದ್ದ. ಅವಳು ಸೌಟು ಹಿಡಿದು ನಿಂತು ಅದಕ್ಕೇ ಕಾಯುತ್ತಿದ್ದಳು.

ಈ ಶರತ್ಕಾಲದಲ್ಲಿ ಅವರ ಮಗಳು ಸಲ್ವೋರ್‌ಗೆ ಮದುವೆ ಗೊತ್ತಾಗಿತ್ತು. ವರ ಕೊಲ್ಬೆನ್, ಗುಡ್ಡದಾಚೆಯ ಬೆರ್ಸಿಯ ಮಗ. ಇದು ಯೋರುನ್ ತಾನೇ ಆರಿಸಿದ ಸಂಬಂಧ, ಹಾಗೆಂದು ಗಂಡನಿಗೆ ಗೊತ್ತಾಗದ ಹಾಗೆ. ಕುರಿಗಳನ್ನು ಬೆಟ್ಟದಿಂದ ಇಳಿಸುವ ದಿನ ಅವಳು ಒಂದು ನೋಟ ಕಂಡಿದ್ದಳು. ಒಂದು ಟಗರಿನ ಎರಡು ಕೊಂಬುಗಳನ್ನು ಸಲ್ವೋರ್, ಕೊಲ್ಬೆನ್ ಇಬ್ಬರೂ ಹಿಡಿದು ಎಳೆಯುತ್ತಿದ್ದರು; ಟಗರು ಇಬ್ಬರನ್ನೂ ಕೆಸರಿಗೆ ಕೆಡವಿ ಹೋಯಿತು. ಹುಡುಗ ಮೊದಲು ಎದ್ದು ತನ್ನ ಬಟ್ಟೆ ಒರೆಸಿಕೊಳ್ಳಲಿಲ್ಲ, ಸಲ್ವೋರ್ ಕಡೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು. ಯೋರುನ್ ದೊಡ್ಡಿಯ ಕಲ್ಲುಗೋಡೆಗೆ ಒರಗಿ ನಿಂತು, ತನ್ನ ಹದಿನೇಳನೆಯ ವಯಸ್ಸಿನಲ್ಲಿ ಅಪ್ಪ ಬಂದು 'ರಾಜವಂಶದವನು ಸಿಕ್ಕಿದ್ದಾನೆ' ಎಂದದ್ದನ್ನು ನೆನೆಸಿಕೊಂಡಳು. ಥೋರ್ಮೋಡ್ ಕೆಟ್ಟವನಲ್ಲ, ಕೈ ಎತ್ತಿದವನಲ್ಲ. ಆದರೆ ಇವನ ಜೊತೆ ಯಾವಾಗ ನಕ್ಕೆ ಎಂದು ಎಷ್ಟು ಹುಡುಕಿದರೂ ಅವಳಿಗೆ ಸಿಗಲಿಲ್ಲ. ಮಗಳು ನಗುವ ಮನೆಗೆ ಹೋಗಲಿ, ಅಷ್ಟು ಸಾಕು ಎಂದು ಅವಳು ಅವತ್ತು ಗಟ್ಟಿ ಮಾಡಿಕೊಂಡಳು.

ಮದುವೆಗೆ ಬಂದವರಲ್ಲಿ ಹೊಸ ಪಾದ್ರಿ ರೂನೊಲ್ಫ್ ಒಬ್ಬ. ಸ್ಯಾಕ್ಸನ್ನರ ನಾಡಿನಲ್ಲಿ ಓದಿ ಆ ವರ್ಷವಷ್ಟೇ ಕಣಿವೆಗೆ ಬಂದಿದ್ದ ತೆಳ್ಳನೆಯ ಮನುಷ್ಯ. ಎಲ್ಲದರಲ್ಲೂ ಆಸಕ್ತಿ ಇರುವವನು, ಅದೇ ತೊಂದರೆ.

ಮೊದಲ ದಿನದ ಸಂಜೆಯೂಟಕ್ಕೆ ಹಜಾರದ ಎರಡೂ ಬದಿಯ ಬೆಂಚುಗಳು ತುಂಬಿದವು. ಥೋರ್ಮೋಡ್ ಕೊಂಬಿನ ಪಾತ್ರೆ ಹಿಡಿದು ಎದ್ದ. ಯೋರುನ್ ಮಾಂಸವನ್ನು ಮೊದಲೇ ಬೇಯಿಸಿಟ್ಟಿದ್ದಳು. ಓಡಿನ್ ಬಂದ, ಸ್ಕ್ಯೋಲ್ಡ್ ಬಂದ, ಬಳೆ ಬಯಲಿನಲ್ಲಿ ಬಿತ್ತು, ಯಾರೂ ಎತ್ತಿಕೊಳ್ಳಲಿಲ್ಲ. ಹೆಲ್ಗಿ ಹೋದ, ಹಾರಾಲ್ಡ್ ಬಂದ, ಹ್ರೋಮುಂಡ್ ಹಡಗಿನಿಂದ ಇಳಿದ. "ಹ್ರೋಮುಂಡ್‌ನ ಮಗ ಸಿಗ್ವಾತ್, ಸಿಗ್ವಾತ್‌ನ ಮಗ ವೆಮುಂಡ್, ವೆಮುಂಡ್‌ನ ಮಗ ಐನಾರ್, ಐನಾರ್‌ನ ಮಗ ಥೋರ್ಗಿಲ್ಸ್, ಥೋರ್ಗಿಲ್ಸ್‌ನ ಮಗ ನಾನು," ಎಂದು ಕೂತ. ಒಲೆಯ ಪಕ್ಕದಲ್ಲಿದ್ದ ಅತ್ತೆ ಗ್ರೋವಾ, "ಅಷ್ಟೇನಾ?" ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಈಗ ಬೀಗ ಬೆರ್ಸಿ ಎದ್ದ. ದಪ್ಪ ಕುತ್ತಿಗೆಯ, ದೊಡ್ಡ ದನಿಯ ಮನುಷ್ಯ. "ನಮ್ಮದೇನು ಕಡಿಮೆಯಲ್ಲ ಬೀಗರೇ. ಓಡಿನ್, ಸ್ಕ್ಯೋಲ್ಡ್ ಎಲ್ಲ ನೀವು ಹೇಳಿ ಆಯ್ತು, ಮತ್ತೆ ಹೇಳಿ ಮದ್ಯ ಆರಿಸೋದು ಬೇಡ. ನಾವೂ ಹ್ರೋಮುಂಡ್‌ನ ಮಕ್ಕಳೇ. ಸಿಗ್ವಾತ್‌ನ ತಮ್ಮನ ಕಡೆ," ಎಂದು ತನ್ನ ಅಜ್ಜಂದಿರನ್ನು ಸರಸರನೆ ಇಳಿಸಿದ. ಹಜಾರದವರು ಮೇಜು ಕುಟ್ಟಿದರು. ಒಂದೇ ರಾಜನ ರಕ್ತ ಎರಡು ಕಡೆಯಿಂದ ಬಂದು ಕೂಡುತ್ತಿದೆ ಎಂದು ಯಾರೋ ಕೂಗಿದರು.

ಮೇಜು ಕುಟ್ಟದೆ ಉಳಿದವನು ಪಾದ್ರಿ ರೂನೊಲ್ಫ್. ಅವನು ತನ್ನ ಎಡತೋಳನ್ನು ಬಲಗೈ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

"ಪಾದ್ರಿಗಳಿಗೆ ಚಿಗಟ ಕಡಿದಿರಬೇಕು," ಎಂದ ಬೆರ್ಸಿ.

"ಇಲ್ಲ, ನೆಂಟಸ್ತಿಕೆ ಎಣಿಸ್ತಾ ಇದೀನಿ," ಎಂದ ಪಾದ್ರಿ. "ಸ್ವಲ್ಪ ಮದುಮಕ್ಕಳನ್ನ ಇಲ್ಲಿ ಕರೀತೀರಾ?"

ಸಲ್ವೋರ್, ಕೊಲ್ಬೆನ್ ನಾಚಿಕೊಂಡು ಬಂದು ಎದುರುಬದುರು ನಿಂತರು. ಪಾದ್ರಿ ಸ್ಯಾಕ್ಸನ್ನರ ನಾಡಿನಲ್ಲಿ ಕಲಿತ ವಿದ್ಯೆಯನ್ನು ಸಂತೋಷದಿಂದ ತೋರಿಸಿದ. ತಲೆ ಎಂದರೆ ಮೂಲಪುರುಷ ಹ್ರೋಮುಂಡ್. ಅವನ ಮಗ ಭುಜ, ಮೊಮ್ಮಗ ಮೊಣಕೈ, ಮರಿಮಗ ಮಣಿಕಟ್ಟು. ಆಮೇಲೆ ನಡುಬೆರಳಿನ ಮೂರು ಗೆಣ್ಣು, ಕಡೆಗೆ ಉಗುರು. ಉಗುರು ದಾಟಿದರೆ ನೆಂಟಸ್ತಿಕೆ ಮುಗಿಯಿತು, ಮದುವೆಯಾಗಬಹುದು. ಉಗುರಿನ ಒಳಗಿದ್ದರೆ ಅಣ್ಣತಂಗಿಯರ ಲೆಕ್ಕ, ಕ್ರೈಸ್ತ ಸಭೆ ಒಪ್ಪುವುದಿಲ್ಲ. ಅವನು ಥೋರ್ಮೋಡ್ ಹೇಳಿದ ಹೆಸರುಗಳನ್ನು ಒಂದೊಂದಾಗಿ ಸಲ್ವೋರ್‌ಳ ತೋಳಿನ ಮೇಲೆ ಇಳಿಸಿದ. ಥೋರ್ಮೋಡ್ ಎರಡನೆಯ ಗೆಣ್ಣಿಗೆ ಬಂದ, ಸಲ್ವೋರ್ ಮೂರನೆಯದಕ್ಕೆ. ಬೆರ್ಸಿಯ ಹೆಸರುಗಳನ್ನು ಕೊಲ್ಬೆನ್‌ನ ತೋಳಿನ ಮೇಲೆ ಇಳಿಸಿದರೆ ಅವನು ಸರಿಯಾಗಿ ಉಗುರಿನ ಮೇಲೆ ಕೂತ.

"ಇಬ್ಬರೂ ಒಳಗೇ ಇದ್ದಾರೆ," ಎಂದ ಪಾದ್ರಿ, ಬೇಸರದಿಂದಲೇ. "ಈ ಮದುವೆ ಆಗೋದಿಲ್ಲ."

ಮೊದಲು ಮಾತಾಡಿದವಳು ಗ್ರೋವಾ. "ಯಾಕಪ್ಪಾ ಆಗೋದಿಲ್ಲ? ಇವರ ಹೆಲ್ಗಿ ರಾಜ ಸ್ವಂತ ಮಗಳನ್ನೇ ಮದುವೆ ಆಗ್ಲಿಲ್ವಾ? ಅವರ ಮಗನೇ ಅಲ್ವಾ ಆ ಹ್ರೋಲ್ಫು? ಅಷ್ಟು ದೊಡ್ಡ ರಾಜ ಆ ಕಡೆಯಿಂದ್ಲೇ ಬಂದ. ಈ ಮಕ್ಕಳು ಪಾಪ, ಗೆಣ್ಣಿನ ಮೇಲಿದ್ದಾರೆ."

"ಹೆಲ್ಗಿಗೆ ಅವಳು ಮಗಳು ಅಂತ ಗೊತ್ತಿರಲಿಲ್ಲ ಅಜ್ಜೀ. ಮತ್ತೆ ಅವನು ಕ್ರೈಸ್ತನೂ ಅಲ್ಲ."

"ಗೊತ್ತಿಲ್ದೆ ಇದ್ರೆ ಆಗುತ್ತೆ ಅನ್ನೋದಾದ್ರೆ ನೀನು ಯಾಕೆ ಎಣಿಸೋಕೆ ಹೋದೆ?"

ಸ್ಯಾಕ್ಸನ್ನರ ನಾಡಿನಲ್ಲಿ ಯಾರೂ ಪಾದ್ರಿಯನ್ನು ಹಾಗೆ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಯೋರುನ್ ಮೊಸರಿನ ಕೋಣೆಯಲ್ಲಿ ಪೀಪಾಯಿಗಳ ನಡುವೆ ನಿಂತಿದ್ದಳು. ಮೂರು ದಿನದ ಮದುವೆಗೆಂದು ಹೆಪ್ಪುಹಾಕಿದ ಮೊಸರು, ಬಡಿದು ಮೆತ್ತಗೆ ಮಾಡಿಟ್ಟ ಒಣಮೀನು, ಬೆಣ್ಣೆಯ ಗಡ್ಡೆಗಳು ಅವಳನ್ನೇ ನೋಡುತ್ತಿದ್ದವು. ಸಲ್ವೋರ್ ಅಳುತ್ತಿರಲಿಲ್ಲ. ಬೆಣ್ಣೆಯ ಗಡ್ಡೆಗೆ ಮರದ ಸೌಟಿನಿಂದ ಹೊಡೆಯುತ್ತಿದ್ದಳು.

"ಅಪ್ಪ ಒಪ್ಪಿದ್ರೂ ಇನ್ನು ಆಗೋದಿಲ್ಲ ಅಲ್ವಾ ಅಮ್ಮ?"

"ಅಪ್ಪ ಒಪ್ಪೋದೇ ಬೇಕಾಗಿರೋದು. ಬೆಣ್ಣೆ ಏನು ಮಾಡಿದೆ ನಿಂಗೆ, ಬಿಡು."

"ಆ ಹ್ರೋಮುಂಡ್ ಹಡಗಿನಿಂದ ಬಿದ್ದು ಸತ್ತಿದ್ರೆ ಚೆನ್ನಾಗಿತ್ತು."

"ಆಗ ನೀನೂ ಇರ್ತಿರ್ಲಿಲ್ಲ. ಅವನು ಬದುಕಿರ್ಲಿ. ನಮಗೆ ಬೇಕಾಗಿರೋದು ಅವನ ಮೊಮ್ಮಕ್ಕಳು, ಇನ್ನೂ ಒಂದಿಬ್ಬರು ಜಾಸ್ತಿ," ಎಂದಳು ಯೋರುನ್. ಹೇಳಿದ ಮೇಲೆ ತನ್ನ ಮಾತನ್ನು ತಾನೇ ಕೇಳಿಸಿಕೊಂಡವಳಂತೆ ನಿಂತಳು. ಜಾಸ್ತಿ ಇದ್ದಾರಲ್ಲ. ಹೊರಗೆ ಹಾಕಿರುವುದಷ್ಟೇ.

ಅವಳು ಮೊದಲು ಪಾದ್ರಿಯ ಹತ್ತಿರ ಹೋದಳು. ಅವನು ಕುದುರೆಗೆ ಜೀನು ಬಿಗಿಯುತ್ತಿದ್ದ. ವಂಶದಲ್ಲಿ ಯಾರನ್ನಾದರೂ ಮರೆತು ಹೇಳಿದ್ದರೆ ಸೇರಿಸಿ ಎಣಿಸಬಹುದೇ ಎಂದು ಕೇಳಿದಳು. ಸೇರಿಸಬಹುದು, ಆದರೆ ಎಲ್ಲರ ಮುಂದೆ, ಆ ಮನೆಯ ಯಜಮಾನನ ಬಾಯಿಂದಲೇ ಬರಬೇಕು, ಊರಿನವರು ಹೌದು ಎನ್ನಬೇಕು ಎಂದ ಪಾದ್ರಿ. ವಧುವಿನ ಕಡೆ ಇಬ್ಬರು, ವರನ ಕಡೆ ಒಬ್ಬ ಬೇಕು. ಹೇಳಿ, ಜೀನನ್ನು ಬಿಚ್ಚಿದ. ಅವನಿಗೂ ಮೊಸರಿನ ಆಸೆ ಇತ್ತೆಂದು ಯೋರುನ್‌ಗೆ ಅನ್ನಿಸಿತು.

ಬೀಗಿತ್ತಿ ವಿಗ್ಡಿಸ್ ಬಟ್ಟೆಗಳನ್ನು ಮಡಿಸಿ ಹೊರಡುವ ಸಿದ್ಧತೆಯಲ್ಲಿದ್ದಳು. ಬೆರ್ಸಿಯ ಹೆಂಡತಿ, ಮಾತು ಕಡಿಮೆ. ಯೋರುನ್ ಅವಳನ್ನು ಗರ್ವದವಳು ಎಂದುಕೊಂಡಿದ್ದಳು. "ಬೀಗಿತ್ತಿ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದು ಶುರುಮಾಡಿದಳು. "ನಿಮ್ಮ ಯಜಮಾನ್ರ ಕಡೆ ಯಾರಾದ್ರೂ ಅಜ್ಜ ಕಳೆದುಹೋಗಿದ್ದಾರಾ?"

ವಿಗ್ಡಿಸ್ ಮಡಿಸುತ್ತಿದ್ದ ಅಂಗಿಯನ್ನು ಕೆಳಗಿಟ್ಟಳು. ಮುಖದಲ್ಲಿ ಏನೋ ಅಲ್ಲಾಡಿತು. "ತೋಕಿ," ಎಂದಳು. "ಹುಲ್ಲು ಕೊಯ್ಯೋ ಕಾಲದಲ್ಲಿ ಹಾಸಿಗೆ ಬಿಟ್ಟು ಏಳ್ದೆ ಇದ್ದವನು. ಹೆಂಡತಿ ಸಾಕ್ಷಿಗಳನ್ನ ಕರ್ಕೊಂಡು ಬಂದು, ಮಲಗಿದ್ದವನ ತಲೆದೆಸೇಲೇ ನಿಂತು, ಇವನ ಜೊತೆ ನಂದು ಮುಗೀತು ಅಂತ ಹೇಳಿ ಹೋದ್ಳು. ಅವನು ಅದಕ್ಕೂ ಏಳ್ಲಿಲ್ಲವಂತೆ. ನಮ್ಮವರು ಅವನ ಹೆಸರು ಹೇಳೋದಿಲ್ಲ. ನಿಮ್ಮ ಕಡೆ?"

"ಇಬ್ಬರು. ಒಬ್ಬ ಕುರಿ, ಒಬ್ಬ ಕಳ್ಳ."

ವಿಗ್ಡಿಸ್ ಅಂಗಿಯನ್ನು ಎತ್ತಿ ಮುಖಕ್ಕೆ ಒತ್ತಿಕೊಂಡು ನಗತೊಡಗಿದಳು, ಭುಜ ಕುಲುಕುವ ಹಾಗೆ.

ಗಂಡಸರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಇಬ್ಬರೂ ಕೊಟ್ಟಿಗೆಯ ಹಿಂದೆ ಒಂದು ದಿಮ್ಮಿಯ ಎರಡು ತುದಿಗೆ ಕೂತಿದ್ದರು.

"ತೋಕಿಯನ್ನ ನಾನು ಹೇಳೋದಿಲ್ಲ," ಎಂದ ಬೆರ್ಸಿ. "ಅವನನ್ನ ಮರೆಯೋಕೆ ನಮ್ಮಪ್ಪ ಜೀವನ ಪೂರ್ತಿ ಕಷ್ಟಪಟ್ಟಿದ್ದಾನೆ."

"ಹಾಗಿದ್ರೆ ಮಗನಿಗೆ ಹೆಣ್ಣು ಬೇಡ ಅನ್ನಿ," ಎಂದಳು ವಿಗ್ಡಿಸ್. "ನಾನು ಹಾಸಿಗೆಯ ತಲೆದೆಸೇಲಿ ನಿಂತು ಎರಡು ಮಾತು ಹೇಳೋಕೆ ಸಾಕ್ಷಿಗಳು ಇಲ್ಲೇ ಬೇಕಾದಷ್ಟು ಜನ ಇದ್ದಾರೆ."

ಬೆರ್ಸಿ ಹೆಂಡತಿಯ ಮುಖ ನೋಡಿದ. ತಮಾಷೆಯೋ ಅಲ್ಲವೋ ತಿಳಿಯದೆ ಗಂಟಲು ಸರಿಮಾಡಿಕೊಂಡ. "ತೋಕಿ ಬರ್ತಾನೆ. ಆದ್ರೆ ಇವರ ಕುರಿ ಮೊದಲು ಬರ್ಲಿ."

"ಅದು ಕುರಿ ಅಲ್ಲ, ಯುದ್ಧದ ಉಪಾಯ," ಎಂದ ಥೋರ್ಮೋಡ್.

"ಬ್ಯಾ ಅಂತಾನೂ ಅಂದಿದ್ದನಂತಲ್ಲ ಬೀಗರೇ."

"ಅಂದಿರಬಹುದು. ಉಪಾಯ ಅಂದ ಮೇಲೆ ಪೂರ್ತಿ ಮಾಡ್ಬೇಕು." ಥೋರ್ಮೋಡ್ ನೆಲ ನೋಡಿದ. "ಗ್ಲೂಮ್‌ನನ್ನ ಕೊಡ್ತೀನಿ. ಆದ್ರೆ ಇನ್ನೊಬ್ಬನನ್ನ ಕೇಳ್ಬೇಡಿ."

"ಇಬ್ಬರು ಬೇಕು," ಎಂದಳು ಯೋರುನ್.

"ಯೋರುನ್, ನಾನು ನಾಳೆ ಯಾವ ಮನೆಗೆ ಹೋದ್ರೂ ಬಾಗಿಲ ಹತ್ತಿರ ಕೂರಿಸ್ತಾರೆ. ಚಳಿಗಾಳಿ ಬೀಸೋ ಜಾಗ. ಕಳ್ಳನ ಮೊಮ್ಮಗ ಅಂತಾರೆ. ನಿಂಗೆ ಅದು ಬೇಕಾ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಯೋರುನ್‌ಗೆ ಅದು ಹೊಸದು. ಇಷ್ಟು ವರ್ಷ ಅವನ ರಾಜರನ್ನೆಲ್ಲ ಅವಳು ಜಂಬವೆಂದೇ ತಿಳಿದಿದ್ದಳು. ಈ ಗಾಳಿಗೆ ಅಡ್ಡ ಕಟ್ಟಿಕೊಂಡ ಗೋಡೆಯೆಂದು ಯೋಚಿಸಿರಲಿಲ್ಲ. ಅವನ ಪಕ್ಕ ದಿಮ್ಮಿಯ ಮೇಲೆ ಕೂತಳು. ಕನಿಕರ ಬಂತು. ಆದರೆ ಕನಿಕರಕ್ಕೆ ಮಗಳನ್ನು ಕೊಡಲು ಅವಳು ಸಿದ್ಧಳಿರಲಿಲ್ಲ.

"ಬಾಗಿಲ ಹತ್ತಿರ ಕೂರಿಸಿದ್ರೆ ನಾನೂ ಅಲ್ಲೇ ಕೂರ್ತೀನಿ," ಎಂದಳು. "ಎರಡು ಹೊದಿಕೆ ತರ್ತೀನಿ."

ಅವನು ಎದ್ದು ಬಟ್ಟೆಗೆ ಅಂಟಿದ್ದ ತೊಗಟೆ ಕೊಡವಿಕೊಂಡ.

ಮಧ್ಯಾಹ್ನ ಎಲ್ಲರನ್ನೂ ಮತ್ತೆ ಹಜಾರಕ್ಕೆ ಕೂಗಿದರು. ಅರ್ಧ ಜನ ಹೋಗಿಬಿಟ್ಟಿರಬಹುದು ಎಂದು ಯೋರುನ್ ಹೆದರಿದ್ದಳು, ಒಬ್ಬರೂ ಹೋಗಿರಲಿಲ್ಲ. ಮದುವೆ ಮುರಿಯುವುದು ಮದುವೆಗಿಂತ ನೋಡತಕ್ಕದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಮದುಮಕ್ಕಳು ತೋಳು ಚಾಚಿ ನಿಂತರು, ಬಟ್ಟೆ ಒಣಹಾಕುವ ಕಂಬಗಳ ಹಾಗೆ. ಬೆರ್ಸಿ ಎದ್ದು ಒಂದೇ ಉಸಿರಿಗೆ ತನ್ನ ವಂಶ ಹೇಳಿದ. ತೋಕಿಯ ಹೆಸರು ಬಂದ ಕಡೆ ಜೋರಾಗಿ ಕೆಮ್ಮಿದ.

"ಯಾರು?" ಎಂದ ಪಾದ್ರಿ.

"ತೋಕಿ. ತೋಕಿ. ಮಲಗಿದ್ದ ತೋಕಿ. ಸಾಕಾ?"

"ನಮ್ಮ ಮುತ್ತಜ್ಜಿ ಆ ದಿನದ ಸಾಕ್ಷಿ," ಎಂದ ಕೆಳಗಿನ ಬೆಂಚಿನ ಮುದುಕನೊಬ್ಬ. "ಹೌದು, ಏಳ್ಲಿಲ್ಲ." ಜನ ನಕ್ಕರು. ಕೊಲ್ಬೆನ್ ಉಗುರನ್ನು ದಾಟಿ ಗಾಳಿಯಲ್ಲಿ ನಿಂತ.

ಥೋರ್ಮೋಡ್ ಎದ್ದ. ಇವತ್ತು ಅವನು ಓಡಿನ್‌ನಿಂದ ಬಹಳ ನಿಧಾನವಾಗಿ ಹೊರಟ. ರಾಜರ ಹತ್ತಿರ ಎಷ್ಟು ಹೊತ್ತು ನಿಲ್ಲಬಹುದೋ ಅಷ್ಟು ಹೊತ್ತು ನಿಂತ. ಫ್ರೋದಿಯ ಬಳೆಯನ್ನು ಎರಡು ಸಲ ಬಯಲಿಗೆ ಬೀಳಿಸಿದ. ಆದರೆ ರಾಜರೂ ಮುಗಿಯುತ್ತಾರೆ. ಹ್ರೋಮುಂಡ್ ಭುಜಕ್ಕೆ ದಾರಿ ಬಿಟ್ಟ, ಸಿಗ್ವಾತ್ ಮೊಣಕೈಗೆ. "ಸಿಗ್ವಾತ್‌ನ ಮಗ ವೆಮುಂಡ್," ಎಂದ. "ವೆಮುಂಡ್‌ನ ಮಗ..."

ನಿಂತುಹೋದ. ಬಾಯಿ ತೆರೆದೇ ಇತ್ತು, ಹೆಸರು ಹೊರಗೆ ಬರಲಿಲ್ಲ. ಸಲ್ವೋರ್‌ಳ ಕೈ ಇನ್ನೂ ಚಾಚಿಯೇ ಇತ್ತು. ಪಾದ್ರಿಯ ಬೆರಳು ಅವಳ ಮೊಣಕೈಯ ಮೇಲೆ ಕಾಯುತ್ತಿತ್ತು.

ಯೋರುನ್ ಎದ್ದು ನಿಂತಳು. ಹೆಂಗಸರು ಆ ಹಜಾರದಲ್ಲಿ ಬಡಿಸಲು ನಿಂತಿದ್ದರು, ಹೇಳಲು ನಿಂತಿರಲಿಲ್ಲ. "ಹಾವರ್," ಎಂದಳು. "ವೆಮುಂಡ್‌ನ ಮಗ ಹಾವರ್. ತಿಮಿಂಗಿಲ ಕದ್ದವನು. ಹಾವರ್‌ನ ಮಗ ಗ್ಲೂಮ್. ದೊಡ್ಡಿಯಲ್ಲಿ ಕುರಿಯಾಗಿದ್ದವನು. ನಾನು ಈ ಮನೆಗೆ ಬಂದಾಗ ಇಬ್ಬರೂ ಇದ್ದರು."

"ಯಜಮಾನ ಹೇಳ್ಬೇಕು," ಎಂದ ಪಾದ್ರಿ ಮೆಲ್ಲಗೆ.

ಎಲ್ಲರೂ ಥೋರ್ಮೋಡ್‌ನ ಕಡೆ ತಿರುಗಿದರು. ಅವನು ಹೆಂಡತಿಯನ್ನು ನೋಡುತ್ತಿದ್ದ. ಆಗ ಕೆಳಗಿನ ಬೆಂಚಿನಿಂದ ಯಾರೋ ಕೇಳಿದರು: "ಇಡೀ ತಿಮಿಂಗಿಲಾನೇ? ಹೇಗೆ ಕದ್ದ?"

ಥೋರ್ಮೋಡ್ ಕೇಳಿದವನ ಕಡೆ ನೋಡಿದ. ಆ ಪ್ರಶ್ನೆಯಲ್ಲಿ ತಾತ್ಸಾರವಿರಲಿಲ್ಲ. ನಿಜವಾಗಿ ತಿಳಿಯುವ ಆಸೆಯಿತ್ತು. "ಹಗ್ಗದಿಂದ," ಎಂದ.

"ಎಷ್ಟು ದೊಡ್ಡದಿತ್ತು?"

"ಈ ಹಜಾರದಷ್ಟು," ಎಂದು ಒಂದು ಗಳಿಗೆ ಯೋಚಿಸಿ, "ಕೊಟ್ಟಿಗೆಯನ್ನೂ ಸೇರಿಸ್ಕೊಳ್ಳಿ," ಎಂದ. "ಭರತ ಏರೋದನ್ನ ಕಾದು, ಬಾಲಕ್ಕೆ ಹಗ್ಗ ಕಟ್ಟಿ, ಒಬ್ಬನೇ ದೋಣಿಯಲ್ಲಿ ಎಳೆದ. ನಮ್ಮ ದಡದ ಗಡಿಕಲ್ಲಿನ ಹತ್ತಿರ ಬಂದಾಗ ಇಳಿತ ಶುರುವಾಯ್ತು. ತಿಮಿಂಗಿಲ ಅರ್ಧ ಅವರ ದಡದಲ್ಲಿ, ಅರ್ಧ ನಮ್ಮ ದಡದಲ್ಲಿ. ಆಮೇಲೆ ಇವನು ಏನು ಮಾಡಿದ ಗೊತ್ತಾ? ತಿಮಿಂಗಿಲ ಅಲ್ಲಾಡಲ್ಲ ಅಂತ ಗಡಿಕಲ್ಲನ್ನೇ ಕಿತ್ತು ಆ ಕಡೆ ಇಟ್ಟ."

ಹಜಾರ ಭೋರ್ಗರೆಯಿತು. ಥೋರ್ಮೋಡ್ ಕೈಯಲ್ಲಿದ್ದ ಕೊಂಬನ್ನು ಬೆರ್ಸಿಗೆ ಹಿಡಿಯಲು ಕೊಟ್ಟು ಎರಡೂ ಕೈ ಖಾಲಿ ಮಾಡಿಕೊಂಡ. ಹಾವರ್ ದಣಿದು ತಿಮಿಂಗಿಲದ ಮೇಲೇ ಮಲಗಿದ್ದು, ಬೆಳಗಾಗಿ ಮಾಲೀಕರು ಬಂದಾಗ 'ನಾನು ಇದನ್ನ ಕಾಯ್ತಾ ಇದ್ದೆ, ಕಳ್ಳರ ಕಾಟ' ಎಂದದ್ದು, ಎಲ್ಲವನ್ನೂ ಅಭಿನಯಿಸಿ ತೋರಿಸಿದ. ಹಾರಾಲ್ಡ್ ರಾಜನ ಕಾಳಗಗಳನ್ನು ಹೇಳುವಾಗ ಆಕಳಿಸುತ್ತಿದ್ದ ಜನ ಬೆಂಚಿನಿಂದ ಮುಂದಕ್ಕೆ ಬಾಗಿದ್ದರು. ಯೋರುನ್ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಗಂಡ ಮಾತಿನ ನಡುವೆ ಒಮ್ಮೆ ಅವಳ ಕಡೆ ತಿರುಗಿದ, ಅವಳು ನಗುತ್ತಿರುವುದನ್ನು ಕಂಡು ಗಡಿಕಲ್ಲನ್ನು ಇನ್ನೊಂದು ಸಲ ಕಿತ್ತ.

"ಹೌದು, ಹಾವರ್ ನಮಗೂ ಅಜ್ಜನೇ," ಎಂದ ಕಿಟಕಿಯ ಬಳಿಯವನೊಬ್ಬ. "ನಮ್ಮಮ್ಮನ ಕಡೆಯಿಂದ." ನಮಗೂ, ನಮಗೂ ಎಂದು ಇನ್ನೂ ಇಬ್ಬರು ಮೂವರು ಎದ್ದರು. ಹಿಂದಿನ ದಿನ ರಾಜನಿಗಾಗಿ ಕಿತ್ತಾಡಿದವರು ಇವತ್ತು ಕಳ್ಳನಿಗಾಗಿ ಕೈಯೆತ್ತುತ್ತಿದ್ದರು. ಊರು ಹೌದೆಂದಿತು. ಪಾದ್ರಿ ಹಾವರ್‌ನನ್ನು ಮಣಿಕಟ್ಟಿಗೆ, ಗ್ಲೂಮ್‌ನನ್ನು ಮೊದಲ ಗೆಣ್ಣಿಗೆ ಕೂರಿಸಿ ಎಣಿಸಿದ. ಥೋರ್ಮೋಡ್ ಉಗುರಿಗೆ ಬಂದ, ಸಲ್ವೋರ್ ಉಗುರಿನಿಂದ ಹೊರಗೆ ಬಿದ್ದಳು. ಅಲ್ಲಿಯೇ, ಅವರ ತೋಳುಗಳು ಇಳಿಯುವ ಮುಂಚೆಯೇ, ಪಾದ್ರಿ ಅವರಿಬ್ಬರ ಕೈಗಳನ್ನು ಕೂಡಿಸಿ ಆಶೀರ್ವಾದ ಮಾಡಿಬಿಟ್ಟ. ಮತ್ತೆ ಯಾವ ಅಜ್ಜ ಎದ್ದು ಬರುತ್ತಾನೋ ಎಂದು ಅವನಿಗೂ ಅಂಜಿಕೆಯಿದ್ದಿರಬೇಕು.

ಊಟ ಶುರುವಾಯಿತು. ಯೋರುನ್ ಎಲ್ಲರಿಗೂ ಬಡಿಸಿ, ಕಡೆಗೆ ಹೆಂಗಸರ ಬೆಂಚಿನಲ್ಲಿ ವಿಗ್ಡಿಸ್ ಪಕ್ಕ ಕೂತಳು. ಒಂದೇ ಬಟ್ಟಲಿನಿಂದ ಇಬ್ಬರೂ ಮೊಸರು ತಿನ್ನುತ್ತಿದ್ದರು. ಎದುರಿಗೆ ಥೋರ್ಮೋಡ್‌ನನ್ನು ಯಾರೋ ತಿಮಿಂಗಿಲದ ಕತೆಯನ್ನು ಮತ್ತೆ ಹೇಳೆಂದು ಕಾಡುತ್ತಿದ್ದರು. ಅದಕ್ಕಾಗಿ ಮುಂದಿನ ಔತಣದಲ್ಲಿ ಮೇಲುಪೀಠದ ಪಕ್ಕದಲ್ಲೇ ಜಾಗ ಕೊಡುತ್ತೇವೆ ಎನ್ನುತ್ತಿದ್ದರು.

"ಬೀಗಿತ್ತಿ," ಎಂದಳು ವಿಗ್ಡಿಸ್, ಬಟ್ಟಲಿನಿಂದ ಕಣ್ಣೆತ್ತದೆ. "ನಮ್ಮಮ್ಮನ ಅಜ್ಜಿ ಇದ್ದಳಲ್ಲ. ಅವಳು ಹಾವರ್‌ನ ಮಗಳು."

ಯೋರುನ್‌ಳ ಚಮಚ ನಿಂತಿತು. ವಿಗ್ಡಿಸ್‌ಳ ಅಮ್ಮನ ಅಜ್ಜಿ. ಎಂದರೆ ಕೊಲ್ಬೆನ್‌ಗೆ. ಎಂದರೆ ಅದು ಉಗುರಿನ ಹತ್ತಿರವೂ ಅಲ್ಲ, ಬಹಳ ಒಳಗೆ. ಅವಳು ಪಾದ್ರಿಯ ಕಡೆ ನೋಡಿದಳು. ಅವನು ಬೇಯಿಸಿದ ಕುರಿತಲೆಯ ಕೆನ್ನೆಯನ್ನು ಮೂಳೆಯಿಂದ ಬಿಡಿಸುವುದರಲ್ಲಿ ಮುಳುಗಿದ್ದ. ಅವನ ಪಕ್ಕದಲ್ಲಿ ಮದುಮಕ್ಕಳು ಇನ್ನೂ ಕೈ ಬಿಟ್ಟಿರಲಿಲ್ಲ, ಒಂದೊಂದೇ ಕೈಯಲ್ಲಿ ಕಷ್ಟಪಟ್ಟು ಮೀನು ಹರಿಯುತ್ತಿದ್ದರು.

"ಇದನ್ನ ಈಗ ಹೇಳ್ತೀರಲ್ಲ," ಎಂದಳು ಯೋರುನ್, ಪಿಸುದನಿಯಲ್ಲಿ.

"ಬೆಳಿಗ್ಗೆ ಹೇಳಿದ್ರೆ ಮದುವೆ ಆಗ್ತಿರ್ಲಿಲ್ಲ. ಹೇಳ್ದೆ ಒಬ್ಬಳೇ ಇಟ್ಕೊಂಡ್ರೆ ನಂಗೆ ಅರಗ್ತಿರ್ಲಿಲ್ಲ."

"ನಿಮ್ಮ ಯಜಮಾನ್ರಿಗೆ ಗೊತ್ತಾ?"

"ನನ್ನ ಕಡೆಯವರು ಯಾರು ಅಂತ ಇಷ್ಟು ವರ್ಷದಲ್ಲಿ ಅವರು ಕೇಳಿಲ್ಲ. ನಿನ್ನೆ ಪಾದ್ರಿಗಳೂ ಕೇಳ್ಲಿಲ್ಲ. ಕೇಳಿದ್ರೆ ಹೇಳ್ತಿದ್ದೆ." ವಿಗ್ಡಿಸ್ ಈಗ ಕಣ್ಣೆತ್ತಿದಳು. "ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಯೋರುನ್‌ಗೆ ತನ್ನ ಅಮ್ಮನ ಅಮ್ಮನ ಹೆಸರು ಗೊತ್ತಿತ್ತು, ಅವಳ ಅಮ್ಮನದೂ ಗೊತ್ತಿತ್ತು. ಯಾವ ಹಜಾರದಲ್ಲೂ ಅವನ್ನು ಹೇಳಿಕೊಳ್ಳುವ ಸಂದರ್ಭ ಬಂದಿರಲಿಲ್ಲ. ಅವರು ಹೀಗೆ ಗುಡ್ಡದ ಈಚೆ ಆಚೆ ಯಾರ ಯಾರ ಮನೆಯಲ್ಲಿ ಸದ್ದಿಲ್ಲದೆ ಸೇರಿಹೋಗಿದ್ದಾರೋ. ಪಾಪವಿದ್ದರೆ ನನ್ನ ತಲೆಗೆ ಬರಲಿ ಎಂದುಕೊಂಡಳು. ಆಮೇಲೆ, ಅರ್ಧ ವಿಗ್ಡಿಸ್‌ಳ ತಲೆಗೂ ಹೋಗಲಿ ಎಂದು ತಿದ್ದಿಕೊಂಡಳು.

"ನಿಮ್ಮ ಅಮ್ಮನ ಅಜ್ಜಿಯ ಹೆಸರೇನು?" ಎಂದು ಕೇಳಿದಳು.

"ಆಸ್ಲೌಗ್."

"ಒಳ್ಳೆ ಹೆಸರು," ಎಂದಳು ಯೋರುನ್. ಬಟ್ಟಲನ್ನು ಬೀಗಿತ್ತಿಯ ಕಡೆ ಸರಿಸಿ, ಹತ್ತಿರ ಜರುಗಿ ಕೂತು, "ಹೇಗಿದ್ದಳಂತೆ ಹೇಳಿ. ಮೆಲ್ಲಗೆ," ಎಂದಳು.